ಮೇ ತಿಂಗಳಲ್ಲಿ 16 ದಿನ ಮನೆಗೆ ಬೀಗ: ಹಿತ್ತಿಲು, ತಾರಸಿ ತರಕಾರಿ ಉಳಿಸುವುದು ಹೇಗೆ?

ಕೋಡಿಬಾಗ_ಹಿತ್ತಿಲು (ಕಾರವಾರ):

ಮೇ 4ಕ್ಕೆ ನಾವು ಗಂಡ-ಹೆಂಡತಿ ಹಿಮಾಚಲದ ಕಡೆ ಹೊರಡುತ್ತೇವೆ, 20ಕ್ಕೆ ವಾಪಸ್. ಟಿಕೆಟ್ ಆಗಿದೆ, ದಿನ ಬದಲಿಸುವ ಹಾಗಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಪಕ್ಕದ ಮನೆಯವರು ಎರಡು ಮೂರು ದಿನಕ್ಕೊಮ್ಮೆ ಬಂದು ನೋಡಬಹುದು. ದಿನಾ ನೀರು ಹಾಕಿ ಎಂದು ಅವರಿಗೆ ಹೇಳುವುದು ಚಂದವಲ್ಲ.

ಇರುವುದು ಇಷ್ಟು. ತಾರಸಿಯಲ್ಲಿ 24 ಗ್ರೋಬ್ಯಾಗ್, 12 ಇಂಚು ಅಗಲ 12 ಇಂಚು ಎತ್ತರದವು: ಬದನೆ, ಹಸಿಮೆಣಸು, ಟೊಮೇಟೊ, ಬೆಂಡೆ, ಹರಿವೆ. ಕೆಳಗೆ ಹಿತ್ತಿಲಲ್ಲಿ 12 ಗುಂಡಿ: ಮೊಗೆಕಾಯಿ (ಮಂಗಳೂರು ಸೌತೆ), ಅಲಸಂದೆ, ಹಾಗಲ, ತೊಂಡೆ, ಬಸಳೆ. ಮಣ್ಣು ಪೂರಾ ಹೊಯಿಗೆ (ಮರಳು), ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇರುವುದಿಲ್ಲ. ಮೆಟ್ಟಿಲ ಮಾಡಿನ ಮೇಲೆ 1,000 ಲೀಟರಿನ ಟ್ಯಾಂಕ್ ಇದೆ, ಬಾವಿಯಿಂದ ಪಂಪಿನಲ್ಲಿ ತುಂಬುತ್ತದೆ. ಡ್ರಿಪ್ ಇನ್ನೂ ಹಾಕಿಲ್ಲ. ಹೊರಡಲು ಮೂರು ವಾರ ಇದೆ. ಎಲ್ಲವನ್ನೂ ಉಳಿಸಬಹುದೋ, ಕೆಲವನ್ನು ಕಿತ್ತು ಹಾಕುವುದೇ ಸರಿಯೋ?

ಬೆಟ್ಟದ_ಸೊಪ್ಪು (ಶಿರಸಿ):

ಎಲ್ಲವನ್ನೂ ಉಳಿಸಲು ಹೋಗಬೇಡಿ. ಎಲ್ಲರೂ ಮೊದಲು ನೀರಿನ ಚಿಂತೆ ಮಾಡುತ್ತಾರೆ, ನೀರಿಗೆ ಉಪಾಯ ಇದೆ. ನಿಮ್ಮ ಗಿಡಗಳನ್ನು ಕೆಡಿಸುವುದು ಕೊಯ್ಯದೇ ಬಿಟ್ಟ ಕಾಯಿ. ಬೆಂಡೆಯನ್ನು ಹೂ ಬಿದ್ದು ಐದಾರು ದಿನಕ್ಕೆ ಕೊಯ್ಯಬೇಕು. 16 ದಿನ ಬಿಟ್ಟರೆ ಕಾಯಿ ನಾರಾಗುವುದಷ್ಟೇ ಅಲ್ಲ, ಬೀಜ ಬಲಿಯುತ್ತಿದೆ ಎಂದು ಗಿಡ ಹೊಸ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಸೌತೆ, ಹೀರೆ, ಅಲಸಂದೆಗೂ ಅದೇ ಕಥೆ.

ಹಾಗಾಗಿ ಒಂದೊಂದೇ ಗಿಡ ನೋಡಿ ತೀರ್ಮಾನಿಸಿ. ಟೊಮೇಟೊ ಕಿತ್ತುಬಿಡಿ. ಕರಾವಳಿಯ ಮೇ ತಿಂಗಳ ರಾತ್ರಿ ಸೆಕೆಗೆ ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಅದಕ್ಕೆ 16 ದಿನ ನೀರು ಉಣಿಸುವುದು ದಂಡ. ಬಣ್ಣ ತಿರುಗಿದ ಕಾಯಿಗಳನ್ನು ಪಕ್ಕದ ಮನೆಗೆ ಕೊಡಿ. ಹರಿವೆಯನ್ನು ಹೊರಡುವ ಹಿಂದಿನ ದಿನ ಬೇರು ಸಮೇತ ಕಿತ್ತು ಸಾಸಿವೆ-ಹುಳಿ ಮಾಡಿ ಮುಗಿಸಿ. ಹೋಗುವ ಮೊದಲು ಹೊಸ ಬೀಜ ಎರಚಬೇಡಿ, ಅರ್ಧ ಇರುವೆ ಒಯ್ಯುತ್ತದೆ, ಉಳಿದದ್ದು ಮೊಳೆತು ಸುಟ್ಟುಹೋಗುತ್ತದೆ.

ಬದನೆಯನ್ನು ಕಡಿದು ಬಿಡುವುದು ಒಳ್ಳೆಯದು. ಏಪ್ರಿಲ್ 28ರ ಸುಮಾರಿಗೆ, ಅಂದರೆ ಹೊರಡಲು ಐದಾರು ದಿನ ಇರುವಾಗ, ನೆಲದಿಂದ ಒಂದು ಅಡಿ ಎತ್ತರಕ್ಕೆ ಮೂರು ನಾಲ್ಕು ಗಟ್ಟಿ ಕೊಂಬೆ ಉಳಿಸಿ ಓರೆಯಾಗಿ ಕತ್ತರಿಸಿ. ಗಾಯ ಒಣಗಲು ಅಷ್ಟು ದಿನ ಬೇಕು. ಬುಡಕ್ಕೆ ಒಂದು ಬೊಗಸೆ ಎರೆಗೊಬ್ಬರ. ಎಲೆಯೇ ಇಲ್ಲದ ಗಿಡಕ್ಕೆ ನೀರು ಅರ್ಧ ಸಾಕು, ಬೇಸಿಗೆಯ ಕೆಂಪು ನುಸಿಗೂ ಕೂರಲು ಜಾಗ ಇರುವುದಿಲ್ಲ. ನೀವು ಬರುವಾಗ ಚಿಗುರು ಬಂದಿರುತ್ತದೆ. ಬೆಂಡೆಯನ್ನೂ ಮುಕ್ಕಾಲು ಅಡಿಗೆ ಕಡಿಯಬಹುದು, ಆದರೆ ಕಾಂಡ ಹೆಬ್ಬೆರಳಷ್ಟು ದಪ್ಪ ಇದ್ದರೆ ಮಾತ್ರ. ಎಲೆಯ ನರ ಹಳದಿಯಾದ ಗಿಡವಾದರೆ ಕಡಿದು ಪ್ರಯೋಜನ ಇಲ್ಲ. ಆ ರೋಗ ಗಿಡದೊಳಗೇ ಇರುತ್ತದೆ, ಚಿಗುರಿಗೂ ಬರುತ್ತದೆ. ಅಂಥದ್ದನ್ನು ಕಿತ್ತು ಸುಡಿ.

ಅಲಸಂದೆಯಲ್ಲಿ ಎರಡು ಬಳ್ಳಿಯನ್ನು ಬೀಜಕ್ಕೆ ಎಂದೇ ಬಿಡಿ, ಹೇಗೂ ಮಳೆಗಾಲಕ್ಕೆ ಬೀಜ ಬೇಕು. ಉಳಿದ ಬಳ್ಳಿಯ ಕಾಯಿ ಪಕ್ಕದ ಮನೆಯವರು ಎರಡು ದಿನಕ್ಕೊಮ್ಮೆ ಕೊಯ್ದುಕೊಳ್ಳಲಿ. ತೊಂಡೆಗೂ ಹಾಗೆಯೇ ಹೇಳಿ. ಅವರಿಗೆ ತರಕಾರಿ, ನಿಮ್ಮ ಬಳ್ಳಿಗೆ ಹೂ. ಬಸಳೆಯನ್ನು ಒಂದು ಅಡಿ ಬಿಟ್ಟು ಕೊಯ್ಯಿರಿ, ಅದು ಸಾಯುವ ಜಾತಿಯಲ್ಲ.

ಮೊಗೆಕಾಯಿಯ ಕೆಲಸ ಸುಲಭ. ಕಾಯಿಯ ಪಕ್ಕದ ಕುಡಿಬಳ್ಳಿ ಒಣಗಿ, ಸಿಪ್ಪೆಯ ಪಟ್ಟೆ ಹಳದಿಗೆ ತಿರುಗಿದ್ದರೆ ಎರಡು ಇಂಚು ತೊಟ್ಟು ಬಿಟ್ಟು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಗಾಳಿಯಾಡುವ ಕಡೆ ಮಾಡಿಗೆ ತೂಗುಹಾಕಿ. ಮಳೆಗಾಲದ ಹುಳಿಗೂ ಆಗುತ್ತದೆ. ತೊಟ್ಟು ಮುರಿದ ಕಾಯಿ, ಒಂದಕ್ಕೊಂದು ತಾಗಿದ ಕಾಯಿ ಕೊಳೆಯುತ್ತದೆ. ಎಳೆಕಾಯಿ ಬಳ್ಳಿಯಲ್ಲೇ ಇರಲಿ, ಆದರೆ ಕಾದ ಹೊಯಿಗೆಯ ಮೇಲೆ ಬಿಡಬೇಡಿ, ಅಡಿಗೆ ಒಂದು ತುಂಡು ಅಡಿಕೆ ಹಾಳೆ ಇಡಿ. ಹಾಗಲದಲ್ಲಿ ಹಣ್ಣುನೊಣ ಕುಟ್ಟಿ ಸೊಟ್ಟಗಾದ ಕಾಯಿ ಒಂದನ್ನೂ ಬಳ್ಳಿಯಲ್ಲಾಗಲೀ ನೆಲದಲ್ಲಾಗಲೀ ಬಿಟ್ಟು ಹೋಗಬೇಡಿ. ಗಂಡು ಹಣ್ಣುನೊಣವನ್ನು ವಾಸನೆಯಿಂದ ಸೆಳೆಯುವ ಕ್ಯೂ-ಲ್ಯೂರ್ ಬಲೆ ಒಂದು ತೂಗುಹಾಕಿ. ಒಂದು ಬಿಲ್ಲೆ ಒಂದೂವರೆ ತಿಂಗಳ ಮಟ್ಟಿಗೆ ನಡೆಯುತ್ತದೆ.

ಹೆಚ್ಚಾದ ಮೆಣಸು, ಹಾಗಲ ಇದ್ದರೆ ಈ ಬಿಸಿಲಿಗೇ ಬಾಳಕ ಮಾಡಿ. ಹೊರಡಲು ಒಂದು ವಾರ ಇರುವಾಗ ಶುರು ಮಾಡದಿದ್ದರೆ ಒಣಗುವುದಿಲ್ಲ.

ಹನಿಲೆಕ್ಕ (ಅಂಕೋಲಾ):

ಮೇಲಿನವರು ಹೇಳಿದ ಹಾಗೆ ಕಡಿಮೆ ಮಾಡಿ ತಾರಸಿಯಲ್ಲಿ 14 ಚೀಲ, ಹಿತ್ತಿಲಲ್ಲಿ 8 ಗುಂಡಿ ಉಳಿದವು ಎಂದುಕೊಳ್ಳೋಣ. ಈಗ ಇರುವಷ್ಟನ್ನೂ ಉಳಿಸುತ್ತೇನೆ ಎಂದರೆ ಚೀಲಕ್ಕೆ 2 ಲೀಟರ್, ಗುಂಡಿಗೆ 4 ಲೀಟರ್ ಹಿಡಿದರೂ ದಿನಕ್ಕೆ 96 ಲೀಟರ್, 16 ದಿನಕ್ಕೆ 1,536. ನಿಮ್ಮ ಟ್ಯಾಂಕಿಗೆ ಅದು ಹೊಂದುವುದಿಲ್ಲ.

ಪಂಪನ್ನು ಆಟೋಮ್ಯಾಟಿಕ್ ಮಾಡಿ ಬಿಟ್ಟು ಹೋಗುವ ಯೋಚನೆ ಇದ್ದರೆ ಬಿಡಿ. ಮೇ ತಿಂಗಳು ಗುಡುಗು-ಸಿಡಿಲಿನ ಕಾಲ. ಮೇನ್ ಸ್ವಿಚ್ ತೆಗೆದು ಹೋಗುವುದೇ ಕ್ಷೇಮ. ಟ್ಯಾಂಕಿನಲ್ಲಿ ಇರುವ ನೀರಿನಲ್ಲೇ 16 ದಿನ ನಡೆಯಬೇಕು, ಲೆಕ್ಕ ಹಾಗೆ ಹಾಕಿ.

ಇಲ್ಲಿ ಜನ ತಪ್ಪುವುದು ಒತ್ತಡದ ವಿಷಯದಲ್ಲಿ. ಡ್ರಿಪ್ಪರ್ ಮೇಲೆ ಗಂಟೆಗೆ 4 ಲೀಟರ್ ಎಂದು ಬರೆದಿರುತ್ತದೆ. ಅದು 1 ಬಾರ್ ಒತ್ತಡಕ್ಕೆ, ಅಂದರೆ 10 ಮೀಟರ್ ಎತ್ತರದ ನೀರಿಗೆ. ನಿಮ್ಮ ಟ್ಯಾಂಕಿನ ನೀರು ತಾರಸಿಯ ಚೀಲಗಳಿಂದ ಸರಾಸರಿ ಎರಡೂವರೆ ಮೀಟರ್ ಮೇಲಿರಬಹುದು, ಅಳೆದು ನೋಡಿ. ಒತ್ತಡ ಕಾಲು ಭಾಗಕ್ಕೆ ಇಳಿದರೆ ಸಾಮಾನ್ಯ ಡ್ರಿಪ್ಪರಿನ ಹನಿ ಅರ್ಧಕ್ಕೆ ಇಳಿಯುತ್ತದೆ, ಅಂದರೆ ಗಂಟೆಗೆ 2 ಲೀಟರ್. ಅದೇ ಪೈಪು ಕೆಳಗೆ ಹಿತ್ತಿಲಿಗೆ ಹೋದರೆ ಆರೂವರೆ ಮೀಟರ್ ಸಿಗುತ್ತದೆ, ಅಲ್ಲಿ ಗಂಟೆಗೆ 3.2 ಲೀಟರ್. ಒಂದೇ ಡ್ರಿಪ್ಪರ್, ಎರಡು ಲೆಕ್ಕ. ಪ್ರೆಶರ್ ಕಾಂಪನ್ಸೇಟಿಂಗ್ ಡ್ರಿಪ್ಪರ್ (ಒತ್ತಡ ಹೆಚ್ಚುಕಮ್ಮಿಯಾದರೂ ಒಂದೇ ಸಮ ನೀರು ಬಿಡುವಂಥದ್ದು) ಒಳ್ಳೆಯದು ಎಂದು ಅಂಗಡಿಯಲ್ಲಿ ಕೊಟ್ಟಾರು, ತಾರಸಿಗೆ ಬೇಡ. ಇಷ್ಟು ಕಡಿಮೆ ಒತ್ತಡಕ್ಕೆ ಅವು ಸರಿಯಾಗಿ ಬಿಡುವುದೇ ಇಲ್ಲ.

ಹಾಗಾಗಿ 16 ಎಂಎಂ ಲ್ಯಾಟರಲ್ (ಡ್ರಿಪ್ಪರ್ ಕೂರಿಸುವ ಪೈಪು), ಸಾಮಾನ್ಯ 4 ಲೀಟರಿನ ಡ್ರಿಪ್ಪರ್. ಚೀಲಕ್ಕೆ ಒಂದು, ಗುಂಡಿಗೆ ಎರಡು, ಒಂದಕ್ಕೊಂದು ಒಂದು ಅಡಿ ದೂರದಲ್ಲಿ. ಹೊಯಿಗೆಯಲ್ಲಿ ನೀರು ಅಡ್ಡ ಹರಡುವುದಿಲ್ಲ, ನೇರ ಇಳಿಯುತ್ತದೆ. ಒಂದೇ ಡ್ರಿಪ್ಪರ್ ಇಟ್ಟರೆ ಬೇರಿನ ಒಂದು ಮಗ್ಗುಲು ಒಣಗಿಯೇ ಇರುತ್ತದೆ. ಬೆಳಿಗ್ಗೆ 6.30ಕ್ಕೆ 20 ನಿಮಿಷ, ಸಂಜೆ 5ಕ್ಕೆ 20 ನಿಮಿಷ. ಚೀಲಕ್ಕೆ ದಿನಕ್ಕೆ 1.3 ಲೀಟರ್, ಗುಂಡಿಗೆ 4.2 ಲೀಟರ್ ಚಿಲ್ಲರೆ. ಎಲ್ಲ ಸೇರಿ 53 ಲೀಟರಿನ ಹತ್ತಿರ, 16 ದಿನಕ್ಕೆ ಸುಮಾರು 850. ಟ್ಯಾಂಕಿನ ತಳದ ನೀರು ಹೊರಬರುವ ಪೈಪಿಗೆ ಸಿಗುವುದಿಲ್ಲವಾದ್ದರಿಂದ 1,000 ಲೀಟರನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯಬೇಡಿ. ಕಾಯಿ ಬಿಟ್ಟ ಗಿಡಕ್ಕೆ 1.3 ಲೀಟರ್ ಕಮ್ಮಿಯೇ. ಕಡಿದ ಬದನೆಗೆ, ನೆರಳಿನಲ್ಲಿಟ್ಟ ಮೆಣಸಿಗೆ ಸಾಕು. ಹೊರಡುವಾಗ ಟ್ಯಾಂಕ್ ಕಂಠಮಟ್ಟ ತುಂಬಿರಬೇಕು, ಮನೆಯೊಳಗಿನ ನಲ್ಲಿಗಳಿಗೆ ಹೋಗುವ ವಾಲ್ವ್ ಮುಚ್ಚಿರಬೇಕು. ಸೋರುವ ಒಂದು ಫ್ಲಶ್ ಟ್ಯಾಂಕ್ ನಿಮ್ಮ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ.

ಟೈಮರ್ ಕೊಳ್ಳುವಾಗ ಬಾಲ್‌ವಾಲ್ವ್ ಇರುವುದನ್ನೇ ಕೇಳಿ, ಡಬ್ಬಿಯ ಮೇಲೆ ಸೊನ್ನೆ ಒತ್ತಡದಲ್ಲೂ ನಡೆಯುತ್ತದೆ ಎಂದು ಇರಬೇಕು. ಸೊಲೆನಾಯ್ಡ್ ಟೈಮರಿನ ಒಳಗಿನ ರಬ್ಬರ್ ಪರದೆ ಮುಚ್ಚಿಕೊಳ್ಳುವುದು ನೀರಿನ ಒತ್ತಡದಿಂದಲೇ, ಸಾಮಾನ್ಯವಾಗಿ ಅರ್ಧ ಬಾರ್ ಆದರೂ ಬೇಕು. ಟ್ಯಾಂಕಿನ ಬುಡದಲ್ಲಿ ಅದನ್ನು ಹಾಕಿದರೆ ತೆರೆದದ್ದು ಮುಚ್ಚದೆ ಒಂದೇ ರಾತ್ರಿಗೆ ಟ್ಯಾಂಕ್ ಖಾಲಿಯಾಗಬಹುದು. ಹೊಸ ಆಲ್ಕಲೈನ್ ಸೆಲ್ ಹಾಕಿ. ಮಳೆ ಬಿದ್ದರೆ ನೆನೆಯದ ಹಾಗೆ ಪ್ಲಾಸ್ಟಿಕ್ ಡಬ್ಬ ಕವುಚಿ.

ಟೈಮರಿಗಿಂತ ಮೊದಲು ಒಂದು ಸ್ಕ್ರೀನ್ ಫಿಲ್ಟರ್, 120 ಮೆಶ್. ಕಡಿಮೆ ಒತ್ತಡದಲ್ಲಿ ಸಣ್ಣ ಕಸವೂ ಡ್ರಿಪ್ಪರನ್ನು ಕಟ್ಟಿಸುತ್ತದೆ. ಟ್ಯಾಂಕ್ ತೊಳೆದು ತುಂಬಿಸಿ. ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಪೈಪಿನ ಒಳಗೆ ಕೆಂಪು ಲೋಳೆ ಕಟ್ಟುತ್ತದೆ, ಲ್ಯಾಟರಲ್ ತುದಿಯ ಎಂಡ್‌ಕ್ಯಾಪ್ ಬಿಚ್ಚಿ ಎರಡು ನಿಮಿಷ ನೀರು ಬಿಟ್ಟರೆ ಹೋಗುತ್ತದೆ. ಇದೆಲ್ಲ ಏಪ್ರಿಲ್ 25ರ ಒಳಗೆ ಮುಗಿಸಿ. ಆಮೇಲೆ ಒಂದು ವಾರ ನೀವು ಕೈಯಿಂದ ನೀರೇ ಹಾಕಬೇಡಿ. ಊರಲ್ಲೇ ಇದ್ದು ಇಲ್ಲದವರ ಹಾಗೆ ನೋಡಿ. ಪ್ರತಿ ಡ್ರಿಪ್ಪರ್ ಅಡಿಗೆ ಲೋಟ ಇಟ್ಟು 20 ನಿಮಿಷ ಅಳೆಯಿರಿ. ತಾರಸಿಯಲ್ಲಿ 650 ಎಂಎಲ್ ಆಸುಪಾಸು ಬರಬೇಕು, 400ಕ್ಕಿಂತ ಕಮ್ಮಿ ಬಂದದ್ದನ್ನು ಕಿತ್ತು ಬದಲಿಸಿ.

ಬಕೆಟ್ಟಿನಿಂದ ಬತ್ತಿ ಎಳೆಯುವ ಉಪಾಯ ಸಣ್ಣ ಕುಂಡದ ದೊಡ್ಡಪತ್ರೆ, ಪುದೀನಕ್ಕೆ ಸೈ. ಮಾಡುವುದಾದರೆ ಬಕೆಟ್ಟಿಗೆ ಗಟ್ಟಿ ಮುಚ್ಚಳ ಇರಲೇಬೇಕು. ತೆರೆದ ನೀರಿನಲ್ಲಿ ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ಹಾರುವ ತನಕ ಎಂಟು ಹತ್ತು ದಿನ ಸಾಕು, ನೀವು ಇಲ್ಲದಿರುವುದು 16 ದಿನ.

ಕೋಡಿಬಾಗ_ಹಿತ್ತಿಲು:

ಇಷ್ಟು ಲೆಕ್ಕ ಯಾರೂ ಹೇಳಿರಲಿಲ್ಲ ಮಾರಾಯ್ರೆ, ಉಪಕಾರ ಆಯಿತು. ಬಾಲ್‌ವಾಲ್ವ್ ಟೈಮರ್ ಹುಡುಕುತ್ತೇನೆ. ಇನ್ನೊಂದು ಸಂಗತಿ ಹೇಳಲು ಬಿಟ್ಟಿದ್ದೆ. ನಮ್ಮದು ಕಾಳಿ ನದಿಯ ಹತ್ತಿರದ ಬಾವಿ, ಬೇಸಿಗೆ ಕೊನೆಗೆ ಸ್ವಲ್ಪ ಉಪ್ಪಾಗುತ್ತದೆ. ಮೀಟರಿನಲ್ಲಿ ಈಗ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 900 ತೋರಿಸುತ್ತಿದೆ. ಇದನ್ನೇ ಡ್ರಿಪ್ಪಿಗೆ ಬಿಡಬಹುದೇ? ಮತ್ತೆ ತಾರಸಿಗೆ ನೆರಳಿನ ಹಸಿರು ಬಲೆ ಕಟ್ಟುವುದಾದರೆ ಎಷ್ಟು ಪರ್ಸೆಂಟಿನದು?

ಗಜನಿ_ಬದು (ಕುಮಟಾ):

450ರ ಒಳಗಿದ್ದರೆ ಯೋಚನೆಯೇ ಬೇಡ, 2,000 ದಾಟಿದರೆ ತರಕಾರಿಗೆ ಮುಟ್ಟಿಸಬಾರದು. 900 ನಡುವಿನದ್ದು, ಗಿಡ ನೋಡಿ ನಡೆಯಬೇಕು. ಬೀನ್ಸ್, ಮೂಲಂಗಿ, ಈರುಳ್ಳಿ ಬೇಗ ಸೋಲುತ್ತವೆ. ಬದನೆ, ಮೆಣಸು ಎಲೆಯ ಅಂಚು ಸುಟ್ಟುಕೊಂಡು ಹೇಗೋ ನಿಲ್ಲುತ್ತವೆ. ಸೌತೆ ಸ್ವಲ್ಪ ಜಾಸ್ತಿ ತಡೆಯುತ್ತದೆ, ಅಲಸಂದೆ ಇವೆಲ್ಲಕ್ಕಿಂತ ಗಟ್ಟಿ.

ಬಾವಿಯಲ್ಲಿ ಸಿಹಿನೀರು ಹಗುರ, ಉಪ್ಪುನೀರು ಭಾರ. ಫುಟ್‌ವಾಲ್ವ್ (ಪಂಪಿನ ಪೈಪು ನೀರು ಎಳೆಯುವ ತುದಿಯ ವಾಲ್ವ್) ತಳದಲ್ಲಿದ್ದರೆ ನೀವು ಎತ್ತುತ್ತಿರುವುದು ಬಾವಿಯ ಅತಿ ಕೆಟ್ಟ ನೀರನ್ನೇ. ಅದನ್ನು ನೀರಿನ ಮಟ್ಟದಿಂದ ಎರಡು ಮೂರು ಅಡಿ ಕೆಳಗೆ ನಿಲ್ಲುವಷ್ಟು ಮೇಲೆತ್ತಿ ಕಟ್ಟಿ. ಟ್ಯಾಂಕನ್ನು ಒಂದೇ ಉಸಿರಿಗೆ ತುಂಬಿಸಬೇಡಿ. ಬೆಳಿಗ್ಗೆ ಹತ್ತು ನಿಮಿಷ, ಬಿಟ್ಟು ಮತ್ತೆ ಹತ್ತು ನಿಮಿಷ. ಜೋರಾಗಿ ಎತ್ತಿದಷ್ಟೂ ಅಡಿಯ ಉಪ್ಪು ಮೇಲೇರುತ್ತದೆ. ಹೀಗೆ ತುಂಬಿದ ಟ್ಯಾಂಕಿನಲ್ಲಿ ಇನ್ನೊಮ್ಮೆ ಮೀಟರ್ ಇಟ್ಟು ನೋಡಿ, ಬಾವಿಯ ಅಂಕಿ ಅಲ್ಲ, ಟ್ಯಾಂಕಿನ ಅಂಕಿ ಮುಖ್ಯ. ಫುಟ್‌ವಾಲ್ವ್ ಎತ್ತಿದ ಮೇಲೆ ನೀರು ಇಳಿದು ಗಾಳಿ ಎಳೆಯದ ಹಾಗೆ ಪಂಪಿನ ಹತ್ತಿರವೇ ನಿಂತಿರಿ.

ಚೀಲದಲ್ಲಿ ಉಪ್ಪು ಎಲ್ಲೂ ಹೋಗುವುದಿಲ್ಲ, ಕೂಡುತ್ತಾ ಬರುತ್ತದೆ. ಮಣ್ಣಿನ ಮೇಲೆ, ಚೀಲದ ತೂತಿನ ಸುತ್ತ ಬಿಳಿ ಪುಡಿ ಕಂಡರೆ ಅದೇ. ಹೊರಡಲು ಮೂರು ನಾಲ್ಕು ದಿನ ಇರುವಾಗ ನಗರದ ನಲ್ಲಿ ನೀರನ್ನೋ ಬೇರೆ ಸಿಹಿನೀರನ್ನೋ ಚೀಲಕ್ಕೆ 20 ಲೀಟರಿನಂತೆ ನಿಧಾನ ಹೊಯ್ದು ತಳದಿಂದ ಇಳಿಯಲು ಬಿಡಿ. ಆ ಚೀಲದಲ್ಲಿ ಹಿಡಿಯುವ ಮಣ್ಣೂ ಸುಮಾರು ಅಷ್ಟೇ, 21 ಲೀಟರ್. ಗೊಬ್ಬರವೂ ತೊಳೆದು ಹೋಗುತ್ತದೆ, ಮರುದಿನ ಎರಡು ಹಿಡಿ ಎರೆಗೊಬ್ಬರ ಹಾಕಿ.

ಇನ್ನೊಂದು ಮಾತನ್ನು ಪಕ್ಕದ ಮನೆಯವರಿಗೆ ಒತ್ತಿ ಹೇಳಿ: ಒಂದು ಹನಿ ಮಳೆ ಬಿತ್ತೆಂದು ಟೈಮರ್ ಬಂದ್ ಮಾಡಬಾರದು. ಡ್ರಿಪ್ಪಿನಲ್ಲಿ ಉಪ್ಪು ತೇವದ ಅಂಚಿಗೆ ಹೋಗಿ ಕೂತಿರುತ್ತದೆ. ಸಣ್ಣ ಮಳೆ ಅದನ್ನು ಕರಗಿಸಿ ಬೇರಿನ ಕಡೆಗೆ ತಳ್ಳುತ್ತದೆ. ಡ್ರಿಪ್ ನಡೆಯುತ್ತಿದ್ದರೆ ಉಪ್ಪು ಹೊರಕ್ಕೇ ಇರುತ್ತದೆ. ನೆಲ ತೊಯ್ದು ನೀರು ಹರಿಯುವಂಥ ಮಳೆ ಬಂದರೆ ಆಗ ನಿಲ್ಲಿಸಲಿ.

ಹೊದಿಕೆಗೆ ತೆಂಗಿನ ನಾರಿನ ಹುಡಿ ಹಾಕುವುದಾದರೆ ಎಲ್ಲಿಯದೆಂದು ಕೇಳಿ. ಸಿಪ್ಪೆಯನ್ನು ಹಿನ್ನೀರಿನ ಉಪ್ಪಿನಲ್ಲಿ ಕೊಳೆಹಾಕಿದ್ದರೆ ಹುಡಿಯಲ್ಲೂ ಉಪ್ಪಿರುತ್ತದೆ, ಎರಡು ಮೂರು ಸಲ ತೊಳೆದು ಹಿಂಡಿಯೇ ಬಳಸಿ.

ಬೆಟ್ಟದ_ಸೊಪ್ಪು (ಶಿರಸಿ):

ಬಲೆ 35 ಪರ್ಸೆಂಟ್ ಸಾಕು. 50ರದ್ದು ಕೈಯಲ್ಲಿದ್ದರೆ ಅದನ್ನೇ ಕಟ್ಟಿ, 16 ದಿನಕ್ಕೆ ಅಂಥ ನಷ್ಟ ಇಲ್ಲ. 75ರದ್ದು ತರಕಾರಿಗಲ್ಲ, ಗಿಡ ಬಿಳಿಚಿಕೊಂಡು ಉದ್ದ ಓಡುತ್ತದೆ. ಸಮುದ್ರದ ಪಕ್ಕದ ತಾರಸಿಯಲ್ಲಿ ಗಾಳಿಯದ್ದೇ ಭಯ. ಮಳೆಗಾಲಕ್ಕೆ ಮೊದಲಿನ ಗಾಳಿಗೆ ಮೇಲೆ ಕಟ್ಟಿದ ಬಲೆ ಹಾಯಿಯಂತೆ ಉಬ್ಬಿ ಕಂಬವನ್ನೇ ಕೀಳುತ್ತದೆ. ಎತ್ತರ ಕಟ್ಟಬೇಡಿ. ಕಡಿದ ಗಿಡ ಹೇಗೂ ಗಿಡ್ಡ, ಮೂರೂವರೆ ಅಡಿ ಸಾಕು. ಚೀಲಗಳನ್ನೆಲ್ಲ ಪ್ಯಾರಾಪೆಟ್ ಗೋಡೆಯ ಪೂರ್ವಮುಖದ ಬುಡಕ್ಕೆ ಒತ್ತಾಗಿ ಜೋಡಿಸಿದರೆ ಮಧ್ಯಾಹ್ನದ ಮೇಲಿನ ಬಿಸಿಲು ತಪ್ಪುತ್ತದೆ, ಒಂದರ ನೆರಳು ಇನ್ನೊಂದಕ್ಕೆ. ಅಷ್ಟು ಮಾಡಿದರೆ ಬಲೆ ಇಲ್ಲದೆಯೂ ನಡೆದೀತು. ಚೀಲ ಸರಿಸಿದ ಮೇಲೆ ಪೈಪು ಹಾಕಿ, ಹಾಕಿದ ಮೇಲೆ ಸರಿಸುವುದಲ್ಲ.

ಹೊದಿಕೆ ಹಾಕುವ ಕ್ರಮ: ಮೊದಲು ಬುಡ ಚೆನ್ನಾಗಿ ನೆನೆಸಿ, ಆಮೇಲೆ ಗುಂಡಿಗೆ ನಾಲ್ಕು ಇಂಚು ದರಕು (ಒಣ ಎಲೆ), ಚೀಲಕ್ಕೆ ಎರಡು ಇಂಚು. ಒಣ ಮಣ್ಣಿನ ಮೇಲೆ ಹೊದಿಸಿದರೆ ಡ್ರಿಪ್ಪಿನ ನೀರಿನಲ್ಲಿ ಅರ್ಧ ದರಕೇ ಕುಡಿಯುತ್ತದೆ. ಡ್ರಿಪ್ಪರ್ ಹೊದಿಕೆಯ ಅಡಿಗೆ ಇರಬೇಕು. ಕಾಂಡದ ಸುತ್ತ ಮೂರು ಇಂಚು ಖಾಲಿ ಬಿಡಿ, ಇಲ್ಲದಿದ್ದರೆ ಒರಲೆ (ಗೆದ್ದಲು) ದರಕು ಮುಗಿಸಿ ಕಾಂಡಕ್ಕೆ ಹತ್ತುತ್ತದೆ.

ಖಾಲಿಯಾದ ನಾಲ್ಕು ಗುಂಡಿ ಸುಮ್ಮನೆ ಬಿಡಬೇಡಿ. ಸುವರ್ಣಗೆಡ್ಡೆ ಹಾಕಲು ಇದೇ ಸಮಯ. ಎರಡು ಅಡಿ ಅಗಲ, ಒಂದೂವರೆ ಅಡಿ ಆಳ ತೋಡಿ, ಮೇಲ್ಮಣ್ಣಿಗೆ ಎರಡು ಬುಟ್ಟಿ ಹಟ್ಟಿಗೊಬ್ಬರ, ಒಂದು ಹಿಡಿ ಬೂದಿ ಸೇರಿಸಿ ತುಂಬಿ. ಮೊಳಕೆಯ ಕಣ್ಣಿನ ಭಾಗ ಬರುವ ಹಾಗೆ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ತುಂಡು ಮಾಡಿ, ಸಗಣಿ ನೀರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಕಣ್ಣು ಮೇಲಾಗಿ ಊರಿ ದರಕು ಮುಚ್ಚಿ. ನೀರಿಲ್ಲದೆ ಸುಮ್ಮನೆ ಮಲಗಿರುತ್ತದೆ, ಮಳೆಗೆ ಏಳುತ್ತದೆ. ಮಂಗ ಬಂದರೂ ಅದರ ತಂಟೆಗೆ ಹೋಗುವುದಿಲ್ಲ, ತುರಿಸುತ್ತದಲ್ಲ.

ಬಾಡು ರೋಗ ಬಂದಿದ್ದ ಬದನೆಯ ಮಣ್ಣಿದ್ದರೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಸಿಲಿಗೆ ಕಾಯಿಸಿ ಎನ್ನುವವರಿದ್ದಾರೆ. ಅದಕ್ಕೆ ನೆನೆದ ಮಣ್ಣು, ಪಾರದರ್ಶಕ ಹಾಳೆ, ನಾಲ್ಕರಿಂದ ಆರು ವಾರ ಬೇಕು. 16 ದಿನದಲ್ಲಿ ಕಳೆಬೀಜ ಸಾಯಬಹುದು, ಬಾಡು ರೋಗ ಹೋಗುವುದಿಲ್ಲ. ಆ ಜಾಗಕ್ಕೆ ಬಂದ ಮೇಲೆ ಅಲಸಂದೆ ಹಾಕಿ, ಬದನೆಯೇ ಬೇಕೆಂದರೆ ಬಾಡು ತಡೆಯುವ ಅರ್ಕಾ ಕೇಶವ, ಅರ್ಕಾ ನೀಲಕಂಠ, ಅರ್ಕಾ ನಿಧಿ ತಳಿಗಳಿವೆ. ಮಳೆಗಾಲದ ಪಾತಿಗೆ ಚಿಪ್ಪಿ ಸುಣ್ಣ ಹಾಕುವುದಿದ್ದರೆ ಹೋಗುವ ಮೊದಲೇ ಹಾಕಿ ಕೆದಕಿ, ಚದರ ಮೀಟರಿಗೆ 50 ಗ್ರಾಂ. ಗೊಬ್ಬರವನ್ನು ಬಂದ ಮೇಲೆ ಕೊಡಿ, ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸತ್ವ ಗಾಳಿಗೆ ಹೋಗುತ್ತದೆ.

ಮೇ 20ಕ್ಕೆ ಬರುವುದು ಒಳ್ಳೆಯದೇ ಆಯಿತು. ಕರಾವಳಿಗೆ ಮಳೆ ಹಿಡಿಯುವುದು ಜೂನ್ ಮೊದಲ ವಾರದ ಸುಮಾರಿಗೆ. ಹೀರೆ, ಪಡವಲ, ಬೆಂಡೆ ಬೀಜವನ್ನು ಮೇ 25ರ ಒಳಗೆ ಊರಿ ಎರಡೆಲೆ ದಾಟಿಸಿಕೊಂಡರೆ ಜಡಿಮಳೆಗೆ ಕೊಳೆಯುವುದಿಲ್ಲ.

ಗಜನಿ_ಬದು (ಕುಮಟಾ):

ಹಿಮಾಚಲ ಎಂದಿರಿ, ಹಾಗಾಗಿ ಒಂದು ಮಾತು. ಕುಲು ಕಣಿವೆಯಲ್ಲಿ ಹೂಕೋಸು, ಬಟಾಣಿ ಬೆಳೆ ಕಂಡು ಬೀಜ ಕೊಳ್ಳುವ ಆಸೆ ಆಗುತ್ತದೆ. ಅಲ್ಲಿಯ ಕಟ್ರಾಯಿನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೇಂದ್ರವೇ ಇದೆ, ಪೂಸಾ ಸ್ನೋಬಾಲ್ ಕೆ-1 ಹೂಕೋಸು ಅಲ್ಲಿಯದು. ಆ ಜಾತಿಯ ಹೂಕೋಸಿಗೆ ಗಡ್ಡೆ ಕಟ್ಟಲು 10ರಿಂದ 16 ಡಿಗ್ರಿ ತಂಪು ಬೇಕು. ಕಾರವಾರದಲ್ಲಿ ಡಿಸೆಂಬರ್ ರಾತ್ರಿಯೂ ಅಷ್ಟು ಚಳಿ ಬೀಳುವುದಿಲ್ಲ, ಎಲೆ ಮಾತ್ರ ಸಿಗುತ್ತದೆ. ದುಡ್ಡನ್ನು ಅಲ್ಲಿಯ ರಾಜ್ಮಾ ತಿನ್ನಲು ಇಟ್ಟುಕೊಳ್ಳಿ.

ಕೋಡಿಬಾಗ_ಹಿತ್ತಿಲು:

ನನ್ನವಳು ಬೀಜದ ಪಟ್ಟಿ ಆಗಲೇ ಮಾಡಿಟ್ಟಿದ್ದಾಳೆ, ಇದನ್ನು ಓದಿ ಹೇಳುತ್ತೇನೆ. ಕೊನೆಯದೊಂದು: ಪಕ್ಕದ ಮನೆಯವರಿಗೆ ಏನೇನು ಬರೆದಿಡಲಿ? ಅವರಿಗೆ ಗಿಡದ ಅಭ್ಯಾಸ ಇಲ್ಲ.

ಹನಿಲೆಕ್ಕ (ಅಂಕೋಲಾ):

ಒಂದೇ ಹಾಳೆ, ಟೈಮರಿನ ಪಕ್ಕ ಅಂಟಿಸಿ. ಕೊಯ್ಯಬೇಕಾದ್ದು ಅಲಸಂದೆ, ತೊಂಡೆ, ಹಾಗಲ. ಬೀಜಕ್ಕೆ ಬಿಟ್ಟ ಎರಡು ಬಳ್ಳಿಗೆ ಕೆಂಪು ಬಟ್ಟೆ ಕಟ್ಟಿ, ಅದನ್ನು ಮುಟ್ಟಬಾರದು ಎಂದು ಬರೆಯಿರಿ. ಮಧ್ಯಾಹ್ನ ಮೊಗೆ, ಹಾಗಲದ ಎಲೆ ಜೋತುಬಿದ್ದದ್ದು ಕಂಡು ನೀರು ಹೊಯ್ಯಬಾರದು, ಸಂಜೆಗೆ ತಾನೇ ಏಳುತ್ತದೆ. ಬೆಳಿಗ್ಗೆ ಎಂಟಕ್ಕೂ ಜೋತಿದ್ದರೆ ಮಾತ್ರ ಆ ಡ್ರಿಪ್ಪರ್ ಕಟ್ಟಿದೆ ಎಂದು ಅರ್ಥ, ಕಿತ್ತು ಊದಿ ಹಾಕಲಿ. ನಾಲ್ಕೈದು ಡ್ರಿಪ್ಪರ್, ಎರಡು ಜೋಡಕ, ಒಂದು ಜೊತೆ ಸೆಲ್ ಅಲ್ಲೇ ಡಬ್ಬಿಯಲ್ಲಿಡಿ. ಅಳಿಲು ಪೈಪು ಕಡಿದರೆ ಆ ಜಾಗ ಕತ್ತರಿಸಿ ಜೋಡಕ ತುರುಕಿದರೆ ಆಯಿತು, ಹೋಗುವ ಮೊದಲು ಒಮ್ಮೆ ಅವರ ಕೈಯಿಂದಲೇ ಮಾಡಿಸಿ ನೋಡಿ.

ಟ್ಯಾಂಕಿನ ಹೊರಮೈಗೆ ಸುಣ್ಣದಕಡ್ಡಿಯಲ್ಲಿ ಅರ್ಧದ ಗೆರೆ ಎಳೆದು ‘ಮೇ 12’ ಎಂದು ಬರೆಯಿರಿ. ಆ ದಿನ ಬಡಿದು ನೋಡಿದಾಗ ನೀರು ಗೆರೆಗಿಂತ ಕೆಳಗಿದ್ದರೆ ಎಲ್ಲೋ ಸೋರುತ್ತಿದೆ, ಫೋನ್ ಮಾಡಲಿ. ಗೆರೆಗಿಂತ ಸ್ವಲ್ಪ ಮೇಲಿರುವುದು ಸರಿಯೇ, ತುಂಬಾ ಮೇಲಿದ್ದರೆ ಟೈಮರ್ ತೆರೆಯುತ್ತಿಲ್ಲ, ಸೆಲ್ ಬದಲಿಸಲಿ.